ದೇವರ ಹೆಸರಿನ ಜಮೀನು: ಮಲೆನಾಡಿನ ಮುಜರಾಯಿ ದೇವಸ್ಥಾನದ ಭೂಮಿ ಮತ್ತು ವರಮಾನವನ್ನು ನೋಡಿಕೊಳ್ಳುವ ಕ್ರಮ

ಮುಜರಾಯಿ, ಅಂದರೆ ಸರ್ಕಾರದ ಧಾರ್ಮಿಕ ದತ್ತಿ ಇಲಾಖೆಯ ಅಧೀನದ, ದೇವಸ್ಥಾನದ ವ್ಯವಸ್ಥಾಪನಾ ಸಮಿತಿಗೆ ಹೊಸದಾಗಿ ನೇಮಕಗೊಂಡವರು ಮೊದಲ ಸಭೆಯಲ್ಲಿ ಸಾಮಾನ್ಯವಾಗಿ ಕೇಳುವುದು ಹುಂಡಿಯಲ್ಲಿ ಎಷ್ಟಿದೆ ಎಂದು. ಆಮೇಲೆ ಈ ಸಲದ ತೇರಿನ ಖರ್ಚಿನ ಮಾತು ಬರುತ್ತದೆ. ದೇವರಿಗೆ ಎಷ್ಟು ಜಮೀನಿದೆ, ಅದು ಯಾವ ಸರ್ವೆ ನಂಬರಿನಲ್ಲಿದೆ, ಸದ್ಯ ಯಾರ ಅನುಭವದಲ್ಲಿದೆ ಎಂಬ ಪ್ರಶ್ನೆ ಬಂದರೂ ಕೊನೆಗೆ ಬರುತ್ತದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ತಾಲ್ಲೂಕುಗಳಂಥ ಕಡೆಗಳಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹುಂಡಿಯ ಹಣ ಎಣಿಸುವಾಗ ಊರಿನ ನಾಲ್ಕು ಜನ ಎದುರಿಗೆ ಕುಳಿತಿರುತ್ತಾರೆ. ತೋಟದ ಅಂಚಿನಲ್ಲಿ ಬೇಲಿ ಎರಡು ಮಾರು ಒಳಗೆ ಸರಿಯುವಾಗ ಯಾರೂ ಇರುವುದಿಲ್ಲ. ಆದ್ದರಿಂದ ಇಲ್ಲಿ ಜಮೀನಿನ ದಾಖಲೆಯಿಂದ ಆರಂಭಿಸಿ, ಫಸಲು, ಬಾಡಿಗೆ, ಲೆಕ್ಕಪತ್ರದವರೆಗೆ ಸಮಿತಿಯೊಂದು ಮಾಡಬೇಕಾದ ಕೆಲಸಗಳನ್ನು ವಿವರಿಸಲಾಗಿದೆ.

ಯಾರ ಕೈಯಲ್ಲಿ ಎಷ್ಟು ಅಧಿಕಾರ

ಇಡೀ ವ್ಯವಸ್ಥೆ ನಿಂತಿರುವುದು ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮ, 1997ರ ಮೇಲೆ. ಇದು ಜಾರಿಗೆ ಬಂದದ್ದು 2003ರ ಮೇ 1ರಂದು. ಅದಕ್ಕೂ ಮೊದಲು ರಾಜ್ಯದ ಒಂದೊಂದು ಭಾಗಕ್ಕೆ ಒಂದೊಂದು ಕಾನೂನಿತ್ತು: ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಶಿವಮೊಗ್ಗಕ್ಕೆ 1927ರ ಮೈಸೂರು ಕಾಯ್ದೆ, ಘಟ್ಟದ ಕೆಳಗಿನ ದಕ್ಷಿಣ ಕನ್ನಡದ ಸೀಮೆಗೆ 1951ರ ಮದ್ರಾಸ್ ಕಾಯ್ದೆ, ಸೊರಬ ದಾಟಿದರೆ ಸಿಗುವ ಸಿರಸಿ, ಸಿದ್ದಾಪುರಗಳಿಗೆ 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯ್ದೆ. ಗಡಿಯೂರುಗಳ ಹಳೆಯ ಕಡತ ಬಿಚ್ಚಿದಾಗ ಒಂದೇ ದೇವರ ಕಾಗದಗಳು ಎರಡು ಬಗೆಯ ನಮೂನೆಗಳಲ್ಲಿ ಕಾಣಿಸಿದರೆ ಕಾರಣ ಇದೇ ಆಗಿರಬಹುದು. ಹೊಸ ಕಾಯ್ದೆಯನ್ನು 2006ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ರದ್ದುಪಡಿಸಿತಾದರೂ ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ ಅದು ಮುಂದುವರಿಯಿತು. 2011ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು.

ಆ ತಿದ್ದುಪಡಿಯ ನಂತರ ಮೇಲೆ ಮುಜರಾಯಿ ಸಚಿವರ ಅಧ್ಯಕ್ಷತೆಯ ರಾಜ್ಯ ಧಾರ್ಮಿಕ ಪರಿಷತ್ತು, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಧಾರ್ಮಿಕ ಪರಿಷತ್ತು, ಇವುಗಳ ಜೊತೆಗೆ ಇಲಾಖೆಯ ಆಯುಕ್ತರು, ತಾಲ್ಲೂಕಿನಲ್ಲಿ ತಹಶೀಲ್ದಾರರು ಎಂಬ ಏರ್ಪಾಡು ನಡೆದುಬಂದಿದೆ. ವಾರ್ಷಿಕ ವರಮಾನ 25 ಲಕ್ಷ ರೂಪಾಯಿ ಮೀರಿದ ದೇವಸ್ಥಾನ ‘ಎ’ ಪ್ರವರ್ಗಕ್ಕೆ, 5 ಲಕ್ಷದಿಂದ 25 ಲಕ್ಷದವರೆಗಿನದು ‘ಬಿ’ಗೆ, ಅದಕ್ಕಿಂತ ಕಡಿಮೆಯದು ‘ಸಿ’ಗೆ ಸೇರುತ್ತದೆ. ‘ಎ’ ಪ್ರವರ್ಗದ ಸಮಿತಿಯನ್ನು ರಾಜ್ಯ ಪರಿಷತ್ತು ನೇಮಿಸುತ್ತದೆ, ಉಳಿದವುಗಳದ್ದನ್ನು ಜಿಲ್ಲಾ ಪರಿಷತ್ತು ನೇಮಿಸುತ್ತದೆ. ಸಮಿತಿಯಲ್ಲಿ ಒಂಬತ್ತು ಸದಸ್ಯರಿದ್ದು, ಅವರಲ್ಲಿ ಅರ್ಚಕರೊಬ್ಬರು, ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು, ಇಬ್ಬರು ಮಹಿಳೆಯರು ಇರಬೇಕು. ಅವಧಿ ಮೂರು ವರ್ಷ. ಮಲೆನಾಡಿನ ಹಳ್ಳಿಯ ದೇವಸ್ಥಾನಗಳಲ್ಲಿ ಬಹುಪಾಲು ‘ಸಿ’ ಪ್ರವರ್ಗದವೇ ಆಗಿರುವುದರಿಂದ, ಸಮಿತಿ ಇಲ್ಲದ ಕಡೆ ಎಲ್ಲ ಹೊಣೆಯೂ ತಹಶೀಲ್ದಾರರ ಮೇಲೆ ಬೀಳುತ್ತದೆ. ಬರ, ನೆರೆ, ಚುನಾವಣೆ, ಪಡಿತರ ಎಲ್ಲವನ್ನೂ ನೋಡುವ ಆ ಕಚೇರಿ ಊರಾಚೆಯ ಈಶ್ವರನ ಹತ್ತು ಗುಂಟೆಯ ಲೆಕ್ಕವನ್ನು ತಾನಾಗಿ ಇಟ್ಟುಕೊಳ್ಳುತ್ತದೆಂದು ನಿರೀಕ್ಷಿಸುವುದು ವ್ಯಾವಹಾರಿಕವಲ್ಲ.

ಮಠಗಳಿಗೂ ಮಠಗಳಿಗೆ ಸೇರಿದ ದೇವಸ್ಥಾನಗಳಿಗೂ ಈ ಕಾಯ್ದೆ ಅನ್ವಯಿಸುವುದಿಲ್ಲ. ನಿಮ್ಮ ದೇವಸ್ಥಾನ ಅಧಿಸೂಚಿತ ಸಂಸ್ಥೆಗಳ ಪಟ್ಟಿಯಲ್ಲಿ ಇದೆಯೇ, ಇದ್ದರೆ ಯಾವ ಹೆಸರಿನಲ್ಲಿದೆ ಎಂಬುದನ್ನು ತಾಲ್ಲೂಕು ಕಚೇರಿಯ ಮುಜರಾಯಿ ಶಾಖೆಯಲ್ಲಿ ಮೊದಲೇ ನೋಡಿಕೊಳ್ಳಿ. ಹೆಸರಿನ ವಿಷಯ ಚಿಕ್ಕದಲ್ಲ: ಪಟ್ಟಿಯಲ್ಲಿ ‘ಶ್ರೀ ಈಶ್ವರ ದೇವರು’, ಪಹಣಿಯಲ್ಲಿ ‘ರಾಮೇಶ್ವರ ದೇವಸ್ಥಾನ’, ಬ್ಯಾಂಕ್ ಪುಸ್ತಕದಲ್ಲಿ ಮೂರನೆಯ ಹೆಸರು ಇದ್ದರೆ, ಮುಂದೊಂದು ದಿನ ಪರಿಹಾರದ ಹಣ ಪಡೆಯುವಾಗಲೋ ನ್ಯಾಯಾಲಯದಲ್ಲಿ ಹಕ್ಕು ಸ್ಥಾಪಿಸುವಾಗಲೋ ಅದೇ ತೊಡಕಾಗುತ್ತದೆ. ಮೂರೂ ಒಂದೇ ದೇವರೆಂದು ತಹಶೀಲ್ದಾರರಿಂದ ಮಹಜರು ಸಹಿತ ದೃಢೀಕರಣ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ದಾಖಲೆಯ ಕೆಲಸ

ಮೊದಲಿಗೆ ಇಂದಿನ ಪಹಣಿ. ದೇವಸ್ಥಾನಕ್ಕೆ ಸೇರಿದ್ದೆಂದು ಊರಿನಲ್ಲಿ ಹೇಳುವ ಪ್ರತಿ ಸರ್ವೆ ನಂಬರಿನ ಪಹಣಿಯನ್ನೂ ತೆಗೆಸಿ, ಮೂರು ಕಾಲಂಗಳನ್ನು ಓದಬೇಕು. ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರಿರುತ್ತದೆ. ಅಲ್ಲಿ ದೇವರ ಹೆಸರಿರಬೇಕು. ಕಾಲಂ 11ರಲ್ಲಿ ಇತರ ಹಕ್ಕುಗಳು ಮತ್ತು ಋಣಗಳಿರುತ್ತವೆ. ಅಲ್ಲಿ ಯಾವುದಾದರೂ ಸಹಕಾರ ಸಂಘದ ಅಥವಾ ಬ್ಯಾಂಕಿನ ಸಾಲ ಕಂಡರೆ ದೇವರ ಜಮೀನನ್ನು ಯಾರೋ ಅಡವಿಟ್ಟಿದ್ದಾರೆಂದು ಅರ್ಥ. ಕಾಲಂ 12ರಲ್ಲಿ ಸಾಗುವಳಿದಾರರ ವಿವರ ಇರುತ್ತದೆ. ಅಲ್ಲಿ ವರ್ಷಗಳಿಂದ ಒಂದೇ ಹೊರಗಿನ ಹೆಸರು ಬರುತ್ತಿದ್ದರೆ ಅದಕ್ಕೆ ಆಧಾರವೇನೆಂದು ಹುಡುಕಬೇಕು.

ಕಾಲಂ 9ರಲ್ಲಿ ದೇವರ ಹೆಸರಿನ ಜೊತೆಗೆ ಅಥವಾ ಅದರ ಬದಲಿಗೆ ಅರ್ಚಕರ ಹೆಸರಿರುವುದು ಮಲೆನಾಡಿನಲ್ಲಿ ಬಹಳ ಸಾಮಾನ್ಯ. ಈ ಬಗ್ಗೆ ಸುಪ್ರೀಂ ಕೋರ್ಟು 2021ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ನೀಡಿದ ತೀರ್ಪು ಸ್ಪಷ್ಟವಾಗಿದೆ: ದೇವಸ್ಥಾನದ ಜಮೀನಿನ ಮಾಲೀಕತ್ವ ದೇವರದ್ದು, ಪೂಜಾರಿ ಆಸ್ತಿಯನ್ನು ನೋಡಿಕೊಳ್ಳುವವನಷ್ಟೆ, ಮಾಲೀಕತ್ವದ ಕಾಲಂನಲ್ಲಿ ಅವನ ಹೆಸರು ಇರಬೇಕಾದ ಅಗತ್ಯವಿಲ್ಲ. ಆದರೆ ಈ ತೀರ್ಪನ್ನು ಹಿಡಿದುಕೊಂಡು ಊರಿನ ಭಟ್ಟರ ಮೇಲೆ ಏರಿಹೋಗುವ ಮುನ್ನ ಆ ಹೆಸರು ಯಾವ ಆದೇಶದಿಂದ ಬಂತೆಂದು ನೋಡಲೇಬೇಕು. ಅದಕ್ಕೆ ಮ್ಯುಟೇಶನ್ ರಿಜಿಸ್ಟರ್, ಅಂದರೆ ಎಂ.ಆರ್. ಪ್ರತಿ ಬೇಕು. ಭೂಮಿ ತಂತ್ರಾಂಶ ಬರುವುದಕ್ಕೂ ಹಿಂದಿನ ಕೈಬರಹದ ಪಹಣಿಗಳು, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್, ಇನಾಂ (ದಾನವಾಗಿ ಬಿಟ್ಟ ಜಮೀನು) ರಿಜಿಸ್ಟರ್ ಇವೆಲ್ಲ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿರುತ್ತವೆ. ಅರ್ಜಿ ಕೊಟ್ಟು ದೃಢೀಕೃತ ಪ್ರತಿ ಪಡೆಯಬಹುದು. ಕಾಗದ ಸಿಗುವುದಿಲ್ಲವೆಂಬ ಉತ್ತರ ಬಂದರೆ ಆ ಉತ್ತರವನ್ನೇ ಲಿಖಿತವಾಗಿ ಪಡೆಯಲು ಮಾಹಿತಿ ಹಕ್ಕಿನ ಅರ್ಜಿ ನೆರವಾಗುತ್ತದೆ. ಕೆಳದಿ ಅರಸರು ಕೊಟ್ಟ ಉಂಬಳಿಯ ತಾಮ್ರಪಟ ಗರ್ಭಗುಡಿಯ ಪೆಟ್ಟಿಗೆಯಲ್ಲಿದೆ ಎಂದು ಹೆಮ್ಮೆಪಡುವ ಊರುಗಳಿವೆ. ಇತಿಹಾಸಕ್ಕೆ ಅದು ಬೆಲೆಬಾಳುವ ವಸ್ತು; ಆದರೆ ಇವತ್ತಿನ ಹಕ್ಕನ್ನು ತೀರ್ಮಾನಿಸುವುದು ಇನಾಂ ರದ್ದತಿಯ ನಂತರದ ಆದೇಶಗಳೇ.

ಇನಾಂ ರದ್ದತಿಯ ಕಥೆಯನ್ನು ಅರ್ಥಮಾಡಿಕೊಳ್ಳದೆ ಈ ಭಾಗದ ಯಾವ ದೇವರ ಜಮೀನಿನ ಲೆಕ್ಕವೂ ತಿಳಿಯುವುದಿಲ್ಲ. 1955ರ ಮೈಸೂರು (ಧಾರ್ಮಿಕ ಮತ್ತು ಧರ್ಮಾದಾಯ) ಇನಾಂ ರದ್ದತಿ ಕಾಯ್ದೆಯಂತೆ ದೇವದಾಯ ಇನಾಂ ಜಮೀನುಗಳು ಅಧಿಸೂಚನೆ ಹೊರಟ ದಿನದಿಂದ ಸರ್ಕಾರಕ್ಕೆ ಸೇರಿದವು. ಅವುಗಳನ್ನು ಉಳುತ್ತಿದ್ದ ಗೇಣಿದಾರರು, ಕೆಲವು ಕಡೆ ಅರ್ಚಕರು ಮತ್ತು ದೇವಸ್ಥಾನದ ಸೇವೆಯವರು ಅರ್ಜಿ ಹಾಕಿ ಹಕ್ಕು ಪಡೆದರು. ಮುಂದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಹಕ್ಕು ಕೋರಿ ಹಾಕಿದ ನಮೂನೆ 7ರ ಅರ್ಜಿಗಳು ಭೂ ನ್ಯಾಯಮಂಡಳಿಯ ಮುಂದೆ ಬಂದವು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹದ ನೆಲವಿದು. ಆದ್ದರಿಂದ ನ್ಯಾಯಮಂಡಳಿಯ ಆದೇಶದಂತೆ ಗೇಣಿದಾರರಿಗೆ ಹೋದ ಜಮೀನನ್ನು ‘ದೇವರ ಆಸ್ತಿ ಲೂಟಿಯಾಗಿದೆ’ ಎಂದು ಕೂಗಿ ಕೆದಕುವ ಸಮಿತಿಗಳ ಬಗ್ಗೆ ನನಗೆ ಸಹಾನುಭೂತಿಯಿಲ್ಲ. ಆ ಜಮೀನು ಕಾನೂನಿನಂತೆ ಹೋಗಿದೆ, ಉಳುವವನಿಗೆ ಹೋಗಿದೆ. ಹಾಗೆ ಜಮೀನು ಕಳೆದುಕೊಂಡ ದೇವಸ್ಥಾನಗಳಿಗೆ ಪ್ರತಿಯಾಗಿ ಸರ್ಕಾರ ತಸ್ತೀಕು ಮತ್ತು ವರ್ಷಾಶನ ಎಂಬ ವಾರ್ಷಿಕ ನಗದು ಕೊಡುತ್ತಿದೆ. ತಸ್ತೀಕಿನ ಮೊತ್ತ 2022ರಲ್ಲಿ ವರ್ಷಕ್ಕೆ 48,000 ರೂಪಾಯಿಯಿಂದ 60,000 ರೂಪಾಯಿಗೆ ಏರಿತು. ನಿಮ್ಮ ದೇವಸ್ಥಾನದ ಹೆಸರು ತಸ್ತೀಕಿನ ಪಟ್ಟಿಯಲ್ಲಿ ಇಲ್ಲದಿದ್ದು, ಇನಾಂ ರಿಜಿಸ್ಟರಿನಲ್ಲಿ ಜಮೀನು ಹೋದ ದಾಖಲೆ ಇದ್ದರೆ, ಆ ಪ್ರತಿಯನ್ನು ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು.

ಶರಾವತಿ ಕಣಿವೆಯವರಿಗೆ ಇನ್ನೊಂದು ತೊಡಕಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರುಗಳ ಜೊತೆ ದೇವರೂ ಎದ್ದು ಬಂದರು. ಹೊಸ ಜಾಗದಲ್ಲಿ ಗುಡಿ ಕಟ್ಟಿ ಪೂಜೆ ನಡೆಯುತ್ತಿರುತ್ತದೆ, ಆದರೆ ಆ ಜಾಗದ ಪಹಣಿ ಯಾರ ಹೆಸರಿನಲ್ಲಿದೆ ಎಂದು ನೋಡಿದರೆ ಅರಣ್ಯವೆಂದೋ ಸರ್ಕಾರವೆಂದೋ ಇರುತ್ತದೆ. ಮುಳುಗಡೆಯ ಸಂತ್ರಸ್ತರ ಪಟ್ಟಿಯಲ್ಲಿ ದೇವಸ್ಥಾನದ ಜಮೀನಿಗೆ ಕೊಟ್ಟ ಪರಿಹಾರದ ವಿವರವನ್ನು ಹುಡುಕಿಸದೆ ಇಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು.

ಅಳತೆ, ಬೆಟ್ಟ, ಕಾನು

ಕಾಗದ ಸರಿಯಾದ ಮೇಲೆ ನೆಲ. ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಅರ್ಜಿ ಹಾಕಿದರೆ ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು ಅಳತೆ ಮಾಡಿ ಗಡಿ ತೋರಿಸುತ್ತಾರೆ. ಅಳತೆಗೆ ಮಳೆಗಾಲ ಮುಗಿದು ಪೈರು ಕೊಯ್ದ ನಂತರದ ದಿನಗಳೇ ಅನುಕೂಲ. ಜುಲೈನಲ್ಲಿ ಮಲೆನಾಡಿನ ತೋಟದಲ್ಲಿ ಸರಪಳಿ ಎಳೆಯಲು ಹೊರಡುವುದು ಸಮಯದ ವ್ಯರ್ಥ. ಅಳತೆಯ ದಿನ ಸಮಿತಿಯ ಕನಿಷ್ಠ ಮೂವರು ಸ್ಥಳದಲ್ಲಿರಬೇಕು, ಗಡಿ ತೋರಿಸಿದ ಕೂಡಲೇ ಕಲ್ಲು ನೆಡಿಸಬೇಕು, ಅಗಳು (ಗಡಿಯ ಕಂದಕ) ತುಂಬಿಹೋಗಿದ್ದರೆ ಅದೇ ವಾರ ತೋಡಿಸಬೇಕು. ನಕ್ಷೆಯನ್ನು ಕಪಾಟಿಗೆ ಹಾಕಿ ಕಲ್ಲು ನೆಡುವುದನ್ನು ಮುಂದಿನ ವರ್ಷಕ್ಕೆ ಬಿಟ್ಟರೆ ಅಳತೆಯ ಶುಲ್ಕ ಹೊಳೆಗೆ ಹಾಕಿದಂತೆ.

ಅಳತೆಯಲ್ಲಿ ಸಮಿತಿಗೆ ಇರುಸುಮುರುಸಾಗುವ ಸಂಗತಿಯೂ ಹೊರಬರಬಹುದು. ಪಹಣಿಯಲ್ಲಿ ಇಪ್ಪತ್ತು ಗುಂಟೆ ಇದ್ದು ತೋಟ ಒಂದು ಎಕರೆಗೆ ಹಬ್ಬಿದ್ದರೆ, ಒತ್ತುವರಿದಾರ ಸ್ವತಃ ದೇವರೇ ಆಗಿರುತ್ತಾನೆ. ಅದರಲ್ಲೂ ಸೊಪ್ಪಿನಬೆಟ್ಟದ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಅಡಿಕೆ ತೋಟಕ್ಕೆ ಹೊಂದಿಕೊಂಡ ಬೆಟ್ಟದಲ್ಲಿ ತೋಟದವರಿಗೆ ಇರುವುದು ಸೊಪ್ಪು, ದರಗು, ಸೌದೆಯಂಥ ಸವಲತ್ತು ಮಾತ್ರ. ಕುಮ್ಕಿ, ಬಾಣೆ, ಕಾನು, ಬೆಟ್ಟ, ಹಾಡಿ, ಸೊಪ್ಪಿನಬೆಟ್ಟ ಇವುಗಳ ಸವಲತ್ತುಗಳ ಬಗ್ಗೆ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೆಯ ಪ್ರಕರಣ ಹೇಳುತ್ತದೆ. ಆ ನೆಲವನ್ನು ದೇವಸ್ಥಾನದ ಸ್ವಂತ ಆಸ್ತಿಯೆಂದು ಬಗೆದು ಅಕೇಶಿಯ ಹಾಕಿಸುವುದಾಗಲಿ, ಬೇರೆಯವರಿಗೆ ಬರೆದುಕೊಡುವುದಾಗಲಿ ಸಲ್ಲದು.

ದೇವರಕಾಡು ಮತ್ತು ಕಾನುಗಳ ವಿಷಯ ಇನ್ನೂ ನಾಜೂಕಾದದ್ದು. ಚೌಡಿಬನ, ನಾಗಬನ, ಭೂತನ ಕಾನು ಎಂದು ಊರು ಕೈಮುಗಿಯುವ ಜಾಗ ದಾಖಲೆಯಲ್ಲಿ ಕಂದಾಯ ಭೂಮಿಯೋ, ಅರಣ್ಯವೋ, ಪರಿಭಾವಿತ ಅರಣ್ಯವೋ (ಡೀಮ್ಡ್ ಫಾರೆಸ್ಟ್) ಆಗಿರಬಹುದು. ಅದು ನಿಜಕ್ಕೂ ದೇವಸ್ಥಾನದ ಹಿಡುವಳಿಯೇ ಆಗಿದ್ದರೂ 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಜೀರ್ಣೋದ್ಧಾರದ ಹುರುಪಿನಲ್ಲಿ ಬನದ ಹಳೆಯ ಮರಗಳನ್ನು ಮಾರಿ ಕಾಂಕ್ರೀಟ್ ಮಂಟಪ ಕಟ್ಟುವ ಪ್ರಸ್ತಾಪ ಸಭೆಗೆ ಬಂದರೆ, ಅನುಮತಿ ಸಿಗುವ ಸಾಧ್ಯತೆ ಇದ್ದರೂ, ಅದನ್ನು ತಿರಸ್ಕರಿಸುವುದೇ ಸರಿ. ಬನದಿಂದ ಬರುವ ನೀರಿನ ಸೆಲೆಯ ಮೇಲೆ ಕೆಳಗಿನ ತೋಟ ನಿಂತಿರುತ್ತದೆ, ತೋಟದ ಮೇಲೆ ದೇವಸ್ಥಾನದ ವರಮಾನ ನಿಂತಿರುತ್ತದೆ.

ಚೇಣಿ ಕೊಡುವ ಬಗೆ

ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಭೂಸುಧಾರಣಾ ಕಾಯ್ದೆ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ದೇವಸ್ಥಾನದ ಜಮೀನಿನ ದೀರ್ಘಾವಧಿ ಗುತ್ತಿಗೆ, ಮಾರಾಟ, ಅಡಮಾನ, ವಿನಿಮಯ ಇವೆಲ್ಲಕ್ಕೂ ಮೇಲಿನವರ ಪೂರ್ವಾನುಮತಿ ಬೇಕು. ಸಮಿತಿ ನಿರ್ಣಯ ಮಾಡಿದ ಮಾತ್ರಕ್ಕೆ ಅದು ಊರ್ಜಿತವಾಗುವುದಿಲ್ಲ. ಆದ್ದರಿಂದ ಹೆಚ್ಚಿನ ಸಮಿತಿಗಳಿಗೆ ಸುರಕ್ಷಿತವಾಗಿ ಉಳಿಯುವ ದಾರಿ ಒಂದು ವರ್ಷದ ಫಸಲನ್ನು ಮಾತ್ರ ಹರಾಜು ಹಾಕುವುದು. ಮಲೆನಾಡಿನ ಅಡಿಕೆ ತೋಟಗಳಿಗೆ ಇದು ಹೊಸದೇನಲ್ಲ. ಫಸಲನ್ನು ಮರದಲ್ಲಿರುವಾಗಲೇ ಮಾರುವ ಈ ಚೇಣಿ ಪದ್ಧತಿ ಇಲ್ಲಿ ತಲೆಮಾರುಗಳಿಂದ ಇದೆ. ದೇವಸ್ಥಾನದ ಚೇಣಿಯಲ್ಲಿ ಮಾತ್ರ ಕೆಲವು ಎಚ್ಚರಿಕೆಗಳು ಹೆಚ್ಚು ಬೇಕು.

ಚೇಣಿಯಲ್ಲಿ ಎರಡು ಬಗೆಯಿದೆ. ಒಂದು, ಇಡೀ ತೋಟದ ಫಸಲನ್ನು ಇಷ್ಟು ಹಣಕ್ಕೆಂದು ಸಗಟಾಗಿ ಕೊಡುವುದು. ಇನ್ನೊಂದು, ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ದಾಗ ಹಸಿ ಅಡಿಕೆಯನ್ನು ತೂಗಿ, ಕ್ವಿಂಟಾಲಿಗೆ ಇಷ್ಟು ಕಿಲೋ ಒಣ ಅಡಿಕೆಯೆಂದು ಲೆಕ್ಕ ಹಾಕಿ ಪಡೆಯುವುದು. ಒಂದು ಕ್ವಿಂಟಾಲ್ ಹಸಿಗೆ ಸುಮಾರು 11ರಿಂದ 13 ಕಿಲೋ ಒಣ ಅಡಿಕೆ ಎಂಬ ಅಂದಾಜು ಈ ಕಡೆ ನಡೆಯುತ್ತದೆ. ಎರಡನೆಯದು ಮೇಲ್ನೋಟಕ್ಕೆ ದೇವಸ್ಥಾನಕ್ಕೆ ಲಾಭದಾಯಕವಾಗಿ ಕಾಣುತ್ತದೆ. ಆದರೆ ಪ್ರತಿ ಕೊನೆಕೊಯ್ಲಿನ ದಿನವೂ ತೂಕದ ಬಳಿ ನಿಲ್ಲಲು ಸಮಿತಿಯವರೊಬ್ಬರು ಬೇಕು, ಒಣ ಅಡಿಕೆಯ ಗುಣಮಟ್ಟದ ಬಗ್ಗೆ ತಕರಾರು ಬರುತ್ತದೆ, ಬಂದ ಅಡಿಕೆಯನ್ನು ದಾಸ್ತಾನಿಟ್ಟು ದರ ನೋಡಿ ಮಾರುವ ಜವಾಬ್ದಾರಿಯೂ ಹೆಗಲಿಗೆ ಬೀಳುತ್ತದೆ. ನೌಕರರಿಲ್ಲದ ‘ಸಿ’ ಪ್ರವರ್ಗದ ದೇವಸ್ಥಾನ, ಅರ್ಧ ಎಕರೆ, ಒಂದು ಎಕರೆ ತೋಟ ಇದ್ದಲ್ಲಿ ಬಹಿರಂಗ ಹರಾಜಿನ ಸಗಟು ಚೇಣಿಯೇ ಮೇಲು. ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಅನುಮಾನಕ್ಕೆ ಎಡೆ ಕಡಿಮೆ.

ಸಗಟು ಚೇಣಿಯ ಯಶಸ್ಸು ಸರ್ಕಾರಿ ಸವಾಲನ್ನು, ಅಂದರೆ ಹರಾಜಿನ ಆರಂಭದ ದರವನ್ನು, ಎಷ್ಟು ವಿವೇಕದಿಂದ ನಿಗದಿಪಡಿಸುತ್ತೇವೆ ಎಂಬುದರ ಮೇಲಿದೆ. ಮರ ಎಣಿಸಿ, ಫಲ ಕಚ್ಚಿದ ಮರಗಳ ಕೊನೆ ಎಣಿಸಿ, ಹಿಂದಿನ ಮೂರು ವರ್ಷದ ಚೇಣಿ ಮೊತ್ತವನ್ನು ಎದುರಿಗಿಟ್ಟುಕೊಂಡು, ಶಿವಮೊಗ್ಗದ ಅಡಿಕೆ ಮಾರಾಟ ಸಹಕಾರ ಸಂಘವಾದ ಮಾಮ್ಕೋಸ್ ಅಥವಾ ಸಾಗರದ ಮಾರುಕಟ್ಟೆಯಲ್ಲಿ ಆ ವಾರ ‘ರಾಶಿ ಇಡಿ’ ಎಂಬ ಬಗೆಯ ಅಡಿಕೆಯ ಧಾರಣೆ ಎಷ್ಟಿದೆ ಎಂದು ನೋಡಿ ದರ ಇಡಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನಗಳ ನಂತರ ಇನ್ನೊಮ್ಮೆ ಹೊಡೆಸಬೇಕಾದ್ದರಿಂದ, ಎರಡನೆಯ ಔಷಧಿ ಮುಗಿದು ಫಸಲಿನ ಸ್ಥಿತಿ ಕಣ್ಣಿಗೆ ಕಾಣುವ ಆಗಸ್ಟ್, ಸೆಪ್ಟೆಂಬರಿನಲ್ಲಿ ಹರಾಜಿಡುವುದು ಸೂಕ್ತ. ಔಷಧಿಯ ಖರ್ಚು ದೇವಸ್ಥಾನದ್ದೇ ಎಂದು ಮೊದಲೇ ತೀರ್ಮಾನಿಸಿದರೆ ಒಳ್ಳೆಯದು. ಅದನ್ನು ಚೇಣಿದಾರನ ಮೇಲೆ ಹಾಕಿ ಮೇ ತಿಂಗಳಲ್ಲೇ ಕೊಟ್ಟುಬಿಟ್ಟರೆ, ಮಳೆ ಜೋರಾದ ವರ್ಷ ಅವನು ಕೈಚೆಲ್ಲುತ್ತಾನೆ, ಕೊಳೆ ಹತ್ತಿದ ತೋಟ ಮುಂದಿನ ವರ್ಷವೂ ಚೇತರಿಸಿಕೊಳ್ಳುವುದಿಲ್ಲ.

ಹರಾಜಿನ ಪ್ರಕಟಣೆಯನ್ನು ದೇವಸ್ಥಾನದ ಬಾಗಿಲಿಗೆ ಮಾತ್ರ ಅಂಟಿಸಿದರೆ ಸಾಲದು. ಗ್ರಾಮ ಪಂಚಾಯಿತಿ, ನಾಡಕಚೇರಿ, ಸಹಕಾರ ಸಂಘದ ಫಲಕಗಳಲ್ಲಿಯೂ ಹಾಕಿ, ಹಾಕಿದ ದಿನಾಂಕಕ್ಕೆ ಸಹಿ ಪಡೆಯಬೇಕು. ಮುಂಗಡ ಠೇವಣಿ ಕಟ್ಟಿದವರಿಗೆ ಮಾತ್ರ ಕೂಗಲು ಅವಕಾಶವಿರಲಿ. ಸಮಿತಿಯ ಸದಸ್ಯರಾಗಲಿ ಅವರ ಮನೆಯವರಾಗಲಿ ಕೂಗಬಾರದು. ಊರಿನ ಸಂಕೋಚಕ್ಕೆ ಈ ನಿಯಮ ಒರಟಾಗಿ ಕಾಣಬಹುದು, ಆದರೆ ಇದನ್ನು ಸಡಿಲಿಸಿದ ಕಡೆಯೆಲ್ಲ ಚೇಣಿ ಒಂದೇ ಮನೆಯಲ್ಲಿ ವರ್ಷಾನುಗಟ್ಟಲೆ ತಿರುಗುತ್ತಿರುತ್ತದೆ. ಅಖೈರಾದ ಮೊತ್ತದ ಒಂದು ಭಾಗವನ್ನು ಅದೇ ದಿನ, ಉಳಿದದ್ದನ್ನು ಮೊದಲ ಕೊನೆ ಕೊಯ್ಯುವ ಮುನ್ನ ದೇವಸ್ಥಾನದ ಖಾತೆಗೆ ಜಮಾ ಮಾಡಬೇಕೆಂದು ಷರತ್ತಿರಬೇಕು.

ಕರಾರಿನಲ್ಲಿ ಬರೆಯಲೇಬೇಕಾದ ಮಾತೊಂದಿದೆ: ಮಾರಿರುವುದು ಈ ಸಾಲಿನ ಫಸಲನ್ನು ಮಾತ್ರ, ಜಮೀನಿನ ಸ್ವಾಧೀನ ದೇವಸ್ಥಾನದಲ್ಲೇ ಉಳಿದಿದೆ. ಚೇಣಿದಾರ ತೋಟದಲ್ಲಿ ಶೆಡ್ಡು ಕಟ್ಟುವಂತಿಲ್ಲ, ಸಸಿ ನೆಡುವಂತಿಲ್ಲ, ನೀರಿನ ಕಾಲುವೆ ತಿರುಗಿಸುವಂತಿಲ್ಲ, ಬೆಳೆ ಸಮೀಕ್ಷೆಯಲ್ಲಿ ತನ್ನ ಹೆಸರು ಬರೆಸುವಂತಿಲ್ಲ. ಕೊಯ್ಲು ಮುಗಿದ ದಿನ ಸ್ಥಳ ಮಹಜರು ಮಾಡಿ ಸಹಿ ಪಡೆಯಬೇಕು. ಒಬ್ಬನೇ ಚೇಣಿದಾರ ಸತತವಾಗಿ ಹರಾಜು ಗೆದ್ದರೂ ಪ್ರತಿ ವರ್ಷ ಹೊಸ ಕರಾರು, ಹೊಸ ಮಹಜರು ಆಗಲೇಬೇಕು. ಹಳೆಯ ಕರಾರಿನ ಹಿಂಬದಿಯಲ್ಲಿ ‘ಮುಂದುವರಿಸಲಾಗಿದೆ’ ಎಂದು ಬರೆಯುವ ಅಭ್ಯಾಸ ನಾಳೆ ಗೇಣಿಯ ವಾದಕ್ಕೆ ಅವನ ಕೈಗೆ ಸಾಕ್ಷ್ಯ ಕೊಟ್ಟಂತೆ.

ಗದ್ದೆಗೂ ಇದೇ ಕ್ರಮ. ಭತ್ತ ಬೆಳೆಯುವವರಿಲ್ಲದೆ ಹಡಿಲು ಬಿದ್ದ ದೇವರ ಗದ್ದೆಗೆ ಶುಂಠಿ ಬೆಳೆಯುವವರು ಒಳ್ಳೆಯ ಹಣ ಕೊಡಲು ಮುಂದೆ ಬರುತ್ತಾರೆ. ಆ ಹಣ ನೋಡಲು ಚೆನ್ನಾಗಿರುತ್ತದೆ. ಆದರೆ ಸುರಿದ ಗೊಬ್ಬರ, ಔಷಧಿಗಳಿಂದ ಮಣ್ಣು ಕೆಟ್ಟು ಮುಂದಿನ ಹಲವು ವರ್ಷ ಏನನ್ನೂ ಬೆಳೆಯಲಾಗದ ಗದ್ದೆ ದೇವಸ್ಥಾನಕ್ಕೆ ಉಳಿಯುತ್ತದೆ. ಹಲಸು, ಮಾವು, ತೆಂಗು, ಹುಣಸೆ ಮರಗಳ ಫಲವನ್ನು ಪ್ರತ್ಯೇಕವಾಗಿ ಹರಾಜಿಡಬಹುದು.

ಅಂಗಡಿ ಮಳಿಗೆ, ಕಲ್ಯಾಣ ಮಂಟಪಗಳ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು, ಬಾಡಿಗೆಯನ್ನು ಲೋಕೋಪಯೋಗಿ ಇಲಾಖೆಯ ಮೌಲ್ಯಮಾಪನದ ಆಧಾರದ ಮೇಲೆ ನಿಗದಿ ಮಾಡಿಸಬೇಕು, ಹಳ್ಳಿಯಲ್ಲಿದ್ದರೆ ಕಟ್ಟಡಕ್ಕೆ ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು ಮಾಡಿಸಿಟ್ಟುಕೊಳ್ಳಬೇಕು. ಇಕ್ಕೇರಿಯ ಅಘೋರೇಶ್ವರ, ಬಳ್ಳಿಗಾವೆಯ ಕೇದಾರೇಶ್ವರದಂಥ ಸಂರಕ್ಷಿತ ಸ್ಮಾರಕಗಳ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂರು ಮೀಟರಿನವರೆಗೆ ಅನುಮತಿ ಬೇಕು ಎಂಬುದನ್ನು ಮಳಿಗೆಯ ಯೋಜನೆ ಹಾಕುವ ಮೊದಲೇ ನೆನಪಿಡಬೇಕು.

ವರಮಾನ ಬಂದ ಮೇಲೆ

ಎಲ್ಲ ವರಮಾನವೂ ದೇವಸ್ಥಾನದ ಹೆಸರಿನ ಬ್ಯಾಂಕ್ ಖಾತೆಗೆ ಬರಬೇಕು. ಚೇಣಿಯ ಹಣವನ್ನು ನಗದಾಗಿ ಪಡೆದು ಅದರಿಂದಲೇ ಬಣ್ಣ ಹೊಡೆಸಿ ‘ಲೆಕ್ಕ ಸರಿಹೋಯಿತು’ ಎನ್ನುವ ಪದ್ಧತಿಯನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಪ್ರತಿ ಜಮೀನಿಗೆ ಪ್ರತ್ಯೇಕ ಪುಟವಿರುವ ಒಂದು ಆಸ್ತಿ ವಹಿ ಇಟ್ಟು, ಅದರಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಪಹಣಿಯ ದಿನಾಂಕ, ಆ ವರ್ಷದ ಫಸಲಿನ ಮೊತ್ತ, ಖರ್ಚು ಎಲ್ಲವನ್ನೂ ಬರೆಯಬೇಕು. ಹುಂಡಿ ತೆರೆಯುವಾಗ ಕಂದಾಯ ಸಿಬ್ಬಂದಿಯ ಎದುರು ಮಹಜರು ಆಗಬೇಕೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಸಾಮಾನ್ಯ ಸಂಗ್ರಹಣಾ ನಿಧಿಯ ಬಗ್ಗೆ ಊರಿನಲ್ಲಿ ‘ನಮ್ಮ ದೇವರ ಹಣವೆಲ್ಲ ಬೆಂಗಳೂರಿಗೆ ಹೋಗುತ್ತದೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. 2011ರ ತಿದ್ದುಪಡಿಯ ಪ್ರಕಾರ ವಾರ್ಷಿಕ ವರಮಾನ 5 ಲಕ್ಷದಿಂದ 10 ಲಕ್ಷದವರೆಗಿರುವ ಸಂಸ್ಥೆ ತನ್ನ ನಿವ್ವಳ ಆದಾಯದ ಶೇ 5ರಷ್ಟನ್ನೂ, 10 ಲಕ್ಷ ಮೀರಿದ್ದು ಶೇ 10ರಷ್ಟನ್ನೂ ಈ ನಿಧಿಗೆ ಕೊಡಬೇಕು. 5 ಲಕ್ಷಕ್ಕಿಂತ ಕಡಿಮೆ ವರಮಾನದ ದೇವಸ್ಥಾನ ಏನನ್ನೂ ಕೊಡಬೇಕಾಗಿಲ್ಲ; ಅಂಥವುಗಳಿಗೆ ನೆರವಾಗುವುದೇ ನಿಧಿಯ ಉದ್ದೇಶಗಳಲ್ಲೊಂದು. ಈ ಸೂತ್ರವನ್ನು ಬದಲಿಸುವ ಮಸೂದೆಯ ಮೇಲೆ 2024ರಲ್ಲಿ ವಿಧಾನಮಂಡಲದಲ್ಲಿ ದೊಡ್ಡ ಜಟಾಪಟಿ ನಡೆದದ್ದರಿಂದ, ಕಟ್ಟುವ ಮೊದಲು ಆ ಸಾಲಿಗೆ ಜಾರಿಯಲ್ಲಿರುವ ದರವನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಳ್ಳಬೇಕು. ವಂತಿಗೆ ನಿವ್ವಳ ಆದಾಯದ ಮೇಲಿರುವಾಗ ಔಷಧಿ, ಅಗಳು, ಬೇಲಿ, ಕೂಲಿಗಳ ವೋಚರು ಇಲ್ಲದ ಸಮಿತಿಗೆ ನಷ್ಟವೇ ಹೆಚ್ಚು: ಖರ್ಚು ಆಗಿರುತ್ತದೆ, ಆದರೆ ಕಳೆಯಲು ಕಾಗದವಿರುವುದಿಲ್ಲ.

ಆಯವ್ಯಯ ಮಾಡುವಾಗ ವರಮಾನದ ಏರಿಳಿತವನ್ನು ಗಮನಿಸಬೇಕು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವಂತೆ ಹಳ್ಳಿಯ ಜಾತ್ರೆಗಳಿಗೂ ತಮ್ಮದೇ ಸುತ್ತು ಇರುತ್ತದೆ. ಅಡಿಕೆಯ ಧಾರಣೆಯಂತೂ ಯಾರ ಮಾತನ್ನೂ ಕೇಳುವುದಿಲ್ಲ. ಧಾರಣೆ ಏರಿದ ವರ್ಷದ ಉಳಿಕೆಯನ್ನು ದೇವರ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ರಸ್ತೆ ಅಗಲೀಕರಣಕ್ಕೆ ದೇವಸ್ಥಾನದ ಗುಂಟೆಗಳು ಹೋಗಿ ಪರಿಹಾರ ಬಂದರೆ ಆ ಮೊತ್ತವೂ ಠೇವಣಿಗೇ ಹೋಗಬೇಕು. ಅದನ್ನು ಗೋಪುರಕ್ಕೆ ಸುರಿದರೆ ಜಮೀನೂ ಇಲ್ಲ, ವರಮಾನವೂ ಇಲ್ಲ.

ಒತ್ತುವರಿ ಕಂಡರೆ

ಮೊದಲು ಮಾಡಬೇಕಾದ್ದು ಕಾಲದ ಲೆಕ್ಕ. ದೇವರು ಕಾನೂನಿನ ದೃಷ್ಟಿಯಲ್ಲಿ ಅಪ್ರಾಪ್ತ ವಯಸ್ಕನಂತೆ, ಆದ್ದರಿಂದ ಅವನ ಆಸ್ತಿಗೆ ಕಾಲಮಿತಿ ಇಲ್ಲ ಎಂಬ ನಂಬಿಕೆ ಊರುಗಳಲ್ಲಿದೆ. ಅದನ್ನು ನೆಚ್ಚಿಕೊಂಡು ಕುಳಿತುಕೊಳ್ಳಬಾರದು. 1963ರ ಕಾಲಮಿತಿ ಕಾಯ್ದೆಯಲ್ಲಿ ಸ್ವಾಧೀನ ಮರಳಿ ಪಡೆಯುವ ದಾವೆಗೆ 12 ವರ್ಷದ ಮಿತಿಯಿದೆ, ದೇವಸ್ಥಾನವೆಂಬ ಕಾರಣಕ್ಕೆ ಅದು ಸಾರಾಸಗಟಾಗಿ ಮಾಫಿಯಾಗುವುದಿಲ್ಲ. ಒತ್ತುವರಿ ಗೊತ್ತಾದ ಕೂಡಲೇ ಸಭೆಯ ನಡಾವಳಿಯಲ್ಲಿ ಬರೆದು, ಅಳತೆಯ ನಕ್ಷೆಯೊಂದಿಗೆ ತಹಶೀಲ್ದಾರರಿಗೆ ದೂರು ಕೊಟ್ಟು, ಸ್ವೀಕೃತಿ ಪಡೆಯಬೇಕು. ಪ್ರತಿಯನ್ನು ಜಿಲ್ಲಾ ಧಾರ್ಮಿಕ ಪರಿಷತ್ತಿಗೂ ಕಳುಹಿಸಬೇಕು. ಹಿಂದೂ ಧಾರ್ಮಿಕ ಸಂಸ್ಥೆಗಳ ಜಮೀನೂ 2011ರ ಭೂಕಬಳಿಕೆ ನಿಷೇಧ ಅಧಿನಿಯಮದ ವ್ಯಾಪ್ತಿಯಲ್ಲಿರುವುದರಿಂದ ಬೆಂಗಳೂರಿನ ವಿಶೇಷ ನ್ಯಾಯಾಲಯದ ದಾರಿಯೂ ಇದೆ. ಎಲ್ಲದಕ್ಕೂ ಆ ದಾರಿ ಹಿಡಿಯಬೇಕಿಲ್ಲ. ಗಡಿಯಲ್ಲಿ ಒಂದು ಸಾಲು ಅಡಿಕೆ ಒಳಸರಿಸಿದ ನೆರೆಯವನನ್ನು ಊರ ಹಿರಿಯರ ಎದುರು ಕೂರಿಸಿ, ನಕ್ಷೆ ತೋರಿಸಿ ಒಪ್ಪಿಸುವುದು ಬಹುಪಾಲು ಸಾಧ್ಯ. ಒಪ್ಪಿದ್ದನ್ನು ಬಾಯಿಮಾತಿಗೆ ಬಿಡದೆ ಬರೆಸಿಕೊಂಡರೆ ಸಾಕು. ರಸ್ತೆ ಬದಿಯ ದೇವರ ಜಾಗದಲ್ಲಿ ಕಟ್ಟಡವನ್ನೇ ಎಬ್ಬಿಸಿದ ಪ್ರಭಾವಿಯ ವಿಷಯದಲ್ಲಿ ಮಾತುಕತೆಗೆಂದು ಕಳೆಯುವ ಪ್ರತಿ ತಿಂಗಳೂ ಅವನ ಪರವಾಗಿಯೇ ಕೆಲಸ ಮಾಡುತ್ತದೆ.

ಅವಧಿ ಮುಗಿಯುವಾಗ

ಮೂರು ವರ್ಷದ ಅವಧಿ ಮುಗಿದು ಹೊಸ ಸಮಿತಿ ನೇಮಕವಾಗುವ ನಡುವೆ ತಿಂಗಳುಗಟ್ಟಲೆ ಅಂತರ ಬೀಳುವುದುಂಟು, ಮತ್ತು ದಾಖಲೆಗಳು ಕಾಣೆಯಾಗುವುದು ಹೆಚ್ಚಾಗಿ ಈ ಅಂತರದಲ್ಲೇ. ಪಹಣಿ, ಎಂ.ಆರ್., ಹದ್ದುಬಸ್ತು ನಕ್ಷೆ, ಚೇಣಿ ಕರಾರುಗಳು, ಮಹಜರುಗಳು, ಠೇವಣಿ ರಸೀದಿಗಳು, ನಡಾವಳಿ ಪುಸ್ತಕ ಇವೆಲ್ಲ ಹಿಂದಿನ ಅಧ್ಯಕ್ಷರ ಮನೆಯ ಕಪಾಟಿನಲ್ಲಿ ಉಳಿಯಬಾರದು. ಪ್ರತಿ ಕಾಗದಕ್ಕೂ ಕ್ರಮಸಂಖ್ಯೆ ಹಾಕಿದ ಪಟ್ಟಿ ಮಾಡಿ, ಮೂಲ ಪ್ರತಿಗಳನ್ನು ತಹಶೀಲ್ದಾರರ ಕಚೇರಿಗೆ ಒಪ್ಪಿಸಿ, ಪಟ್ಟಿಯ ಮೇಲೆ ಸಹಿ, ಮೊಹರು ಪಡೆದು ಒಂದು ನಕಲನ್ನು ದೇವಸ್ಥಾನದ ಪೆಟ್ಟಿಗೆಯಲ್ಲಿ, ಇನ್ನೊಂದನ್ನು ಅರ್ಚಕರ ಬಳಿ ಇಡಬೇಕು. ಅವಧಿ ಜೂನ್, ಜುಲೈಯಲ್ಲಿ ಮುಗಿಯುವುದಾದರೆ ಆ ವರ್ಷದ ಚೇಣಿ ಹರಾಜು ಯಾರು ನಡೆಸಬೇಕೆಂಬ ಪ್ರಶ್ನೆ ಏಳುತ್ತದೆ. ಎರಡು ತಿಂಗಳು ಮೊದಲೇ ತಹಶೀಲ್ದಾರರಿಗೆ ಪತ್ರ ಬರೆದು, ಔಷಧಿ ಹೊಡೆಸಲು ಖಾತೆಯಿಂದ ಎಷ್ಟು ತೆಗೆಯಬಹುದು, ಹರಾಜಿನ ದಿನ ಕಚೇರಿಯಿಂದ ಯಾರು ಬರುತ್ತಾರೆ ಎಂಬ ಎರಡು ವಿಷಯಗಳಿಗಾದರೂ ಲಿಖಿತ ಉತ್ತರ ಪಡೆದುಕೊಂಡರೆ ಆ ವರ್ಷದ ಫಸಲು ಮರದಲ್ಲೇ ಉದುರಿಹೋಗುವುದು ತಪ್ಪುತ್ತದೆ.